ಅತ್ತೆ ನಾಟಕ ನೋಡಿದರು

ಅಕ್ಕಂದಿರೇ, ಈ ಪದವನ್ನು ಓದಿರಿ.

ನಾ – ಟ – ಕ.
ನಾಟಕ.

ಮೂರೇ ಅಕ್ಷರ. ಒತ್ತಕ್ಷರ ಇಲ್ಲ. ಕಲಿಕೆ ಕೇಂದ್ರದಲ್ಲಿ ನೀವೆಲ್ಲ ಇದನ್ನು ಬೇಗ ಕಲಿತಿರಿ. ಆದರೆ ನಮ್ಮ ಅತ್ತೆಗೆ ಈ ಮೂರು ಅಕ್ಷರ ಓದಲು 62 ವರ್ಷ ಬೇಕಾಯಿತು. ಆ ಕಥೆಯನ್ನೇ ಈ ಪಾಠದಲ್ಲಿ ಓದೋಣ.

ನಾವು ಕನ್ನಡ ಶಾಲೆಯ ಟೀಚರು. ನಮ್ಮ ಊರು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿ. ಹಗಲು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ರಾತ್ರಿ ಊಟ ಆದ ಮೇಲೆ ಅಕ್ಕಂದಿರಿಗೆ ಕಲಿಸುತ್ತೇವೆ. ನಮ್ಮ ಅತ್ತೆ ಕೂಡ ಪಾಟಿ ಹಿಡಿದು ಬಂದು ಕೂಡುತ್ತಾರೆ. ಮನೆಯಲ್ಲಿ ನಾವು ಅವರ ಸೊಸೆ. ಕೇಂದ್ರದಲ್ಲಿ ಮಾತ್ರ ಅವರು ನಮ್ಮನ್ನು "ಟೀಚರವ್ವಾ" ಅಂತ ಕರೆಯುತ್ತಾರೆ. ಕರೆದು ತಾವೇ ನಗುತ್ತಾರೆ.

ತಗಡಿನ ಆಚೆ ನಗು

ಬಾದಾಮಿ ಹತ್ತಿರ ಚೊಳಚಗುಡ್ಡ ಇದೆ. ಅಲ್ಲಿ ಬನಶಂಕರಿ ದೇವಿಯ ಗುಡಿ ಇದೆ. ಬನದ ಹುಣ್ಣಿಮೆಗೆ ದೇವಿಯ ತೇರು ಎಳೆಯುತ್ತಾರೆ. ಈ ಹುಣ್ಣಿಮೆ ಸಾಮಾನ್ಯವಾಗಿ ಜನವರಿ ತಿಂಗಳಲ್ಲಿ ಬರುತ್ತದೆ. ತೇರು ಒಂದು ದಿನ. ಜಾತ್ರೆ ಮಾತ್ರ ಸುಮಾರು ಒಂದು ತಿಂಗಳು ನಡೆಯುತ್ತದೆ. ಬಳೆ ಅಂಗಡಿ, ಪಾತ್ರೆ ಅಂಗಡಿ, ಮಿಠಾಯಿ ಅಂಗಡಿ ಸಾಲು ಹಿಡಿದು ಕೂಡುತ್ತವೆ. ಗುಳೇದಗುಡ್ಡದ ಖಣ ಬರುತ್ತದೆ. ಅದರ ಜೊತೆಗೆ ನಾಟಕ ಕಂಪನಿಗಳು ಬರುತ್ತವೆ. ಒಂದಲ್ಲ, ಎರಡಲ್ಲ, ಹಲವು ಕಂಪನಿ. ಸಂಜೆ ಒಂದು ಆಟ, ರಾತ್ರಿ ಒಂದು ಆಟ. ಜನ ಹೆಚ್ಚಿದ್ದರೆ ಬೆಳಗಿನ ತನಕ ಆಟ.

ಬನಶಂಕರಿಗೆ ಹೋದವರು ರೊಟ್ಟಿ ಬುಟ್ಟಿಯ ಹೆಣ್ಣುಮಕ್ಕಳನ್ನು ನೋಡಿಯೇ ಇರುತ್ತೀರಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ, ಗಟ್ಟಿ ಮೊಸರು ತಂದು ಮಾರುತ್ತಾರೆ. ನಮ್ಮ ಅತ್ತೆ 20 ವರ್ಷ ಆ ಜಾತ್ರೆಯಲ್ಲಿ ರೊಟ್ಟಿ ಮಾರಿದರು. ಅವರು ಕೂಡುವ ಜಾಗ ಒಂದು ನಾಟಕ ಕಂಪನಿಯ ತಗಡಿನ ಗೋಡೆಯ ಪಕ್ಕ. ಒಳಗೆ ಪೇಟಿ ಬಾರಿಸುವುದು ಕೇಳುತ್ತಿತ್ತು. ಹಾಡು ಕೇಳುತ್ತಿತ್ತು. ನಡುನಡುವೆ ಜನ ಒಮ್ಮೆಲೇ ಗೊಳ್ಳೆಂದು ನಗುತ್ತಿದ್ದರು. ಅತ್ತೆ ಹೊರಗೆ ಕೂತು ಆ ನಗು ಕೇಳುತ್ತಿದ್ದರು. ಯಾಕೆ ನಕ್ಕರು ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ಕೆಲವು ಸಲ ಕಂಪನಿಯ ನಟರೇ ರೊಟ್ಟಿ ತಿನ್ನಲು ಬರುತ್ತಿದ್ದರು. ಒಮ್ಮೆ ರಾಜನ ವೇಷದವನೊಬ್ಬ ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ಓಡಿ ಬಂದನಂತೆ. "ಯವ್ವಾ, ಲಗೂನ ಎರಡ ರೊಟ್ಟಿ ಕೊಡು. ಯುದ್ಧ ಚಾಲೂ ಆಗೂ ಹೊತ್ತಾತು. ರೊಕ್ಕ ನಾಳೆ ಕೊಡ್ತೀನಿ" ಅಂದನಂತೆ. ರಾಜನಿಗೂ ಉದ್ರಿ! ಅತ್ತೆ ಈ ಮಾತು ಹೇಳಿ ಈಗಲೂ ನಗುತ್ತಾರೆ.

ಅವರು ಯಾಕೆ ಒಳಗೆ ಹೋಗಲಿಲ್ಲ? ನಾವು ಕೇಳಿದೆವು.

"ರೊಕ್ಕ ಎಲ್ಲಿತ್ತವ್ವಾ? ರೊಕ್ಕ ಇದ್ದರೂ ನಿಮ್ಮ ಮಾವ ಬಿಡ್ತಿರಲಿಲ್ಲ. ಮನಿ ಹೆಣ್ಮಕ್ಕಳು ನಾಟಕಕ್ಕ ಹೋಗಬಾರದು ಅಂತಿದ್ರು."

ಮಾವನವರು ಕೆಟ್ಟವರಲ್ಲ. ಊರವರೆಲ್ಲ ಆಡುವ ಮಾತನ್ನೇ ಅವರೂ ಆಡುತ್ತಿದ್ದರು. ತಾವು ಮಾತ್ರ ವರ್ಷಕ್ಕೆ ಎರಡು ನಾಟಕ ನೋಡುತ್ತಿದ್ದರು. ಮನೆಗೆ ಬಂದು ಹಾಸ್ಯದ ಮಾತು ಹೇಳುತ್ತಿದ್ದರು. ಹೇಳುವ ಮೊದಲೇ ತಾವೇ ನಕ್ಕುಬಿಡುತ್ತಿದ್ದರು. ಮಾತು ಅರ್ಧ ಉಳಿಯುತ್ತಿತ್ತು. ಹೀಗೆ ಅತ್ತೆ 20 ವರ್ಷ ಅರ್ಧ ನಾಟಕ ಕೇಳಿದರು. ಒಂದೂ ನಾಟಕ ನೋಡಲಿಲ್ಲ.

ಹೋಗೋಣ ಅಂದೆವು

2024ರ ಜನವರಿ. ಜಾತ್ರೆ ಬಂತು. ನಮ್ಮ ಮಗಳು ಐದನೇ ತರಗತಿ. ಅವಳೇ ಮಾತು ತೆಗೆದಳು.

"ಆಯಿ, ಈ ಸಲ ನಾವೆಲ್ಲಾ ನಗೂ ನಾಟಕ ನೋಡೂಣು."

ಅತ್ತೆ ಬೇಡ ಅಂದರು. "ಈ ವಯಸ್ಸಿನಾಗ ನಾಟಕ ನೋಡಿದರ ಮಂದಿ ಏನಂದಾರು?" ಅಂದರು. ನಮ್ಮ ಮನೆಯವರು ಕೂಡ ಹಿಂದೆ ಮುಂದೆ ನೋಡಿದರು. ಅವರ ಚಿಂತೆ ಬೇರೆ. "ಈಗಿನ ಹಾಸ್ಯದಾಗ ಎರಡು ಅರ್ಥದ ಮಾತು ಬಾಳ ಇರ್ತಾವ. ಅವ್ವನ್ನ, ಮಗಳನ್ನ ಮಗ್ಗಲಕ ಕುಂಡ್ರಿಸಿಕೊಂಡು ಹೆಂಗ ನೋಡೂದು?" ಅಂದರು.

ಮಾತು ಸುಳ್ಳಲ್ಲ. ಆದರೆ ಅದಕ್ಕಾಗಿ ಮನೆಯಲ್ಲೇ ಕೂಡಬೇಕೇ? ನಾವು ಅಂದೆವು: "ಹೋಗಿ ನೋಡೂಣು. ಚಲೋ ಇದ್ದದ್ದಕ್ಕ ನಗೂಣು. ಚಲೋ ಇಲ್ಲದ್ದಕ್ಕ ನಗೂದು ಬ್ಯಾಡ."

ಅತ್ತೆ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಬೆಳಿಗ್ಗೆ ಸೆರಗಿನ ಗಂಟು ಬಿಚ್ಚಿದರು. 500 ರೂಪಾಯಿಯ ಒಂದು ನೋಟು ತೆಗೆದರು. ಅದು ಆಡು ಮಾರಿದ ದುಡ್ಡು. "ಟಿಕೀಟ ನಾನ ತಗಸ್ತೀನಿ" ಅಂದರು.

ರಾತ್ರಿ ತಡವಾಗಿ ಬರುವುದು ಕಷ್ಟ. ಅದಕ್ಕೆ ಸಂಜೆ 6 ಗಂಟೆಯ ಆಟಕ್ಕೆ ಹೋಗುವುದು ಅಂತ ಮಾತಾಯಿತು. ರೊಟ್ಟಿ, ಚಟ್ನಿ ಕಟ್ಟಿಕೊಂಡೆವು. ಸರಕಾರಿ ಬಸ್ಸು ಹತ್ತಿದೆವು. ಶಕ್ತಿ ಯೋಜನೆ 2023ರ ಜೂನ್ ತಿಂಗಳಲ್ಲಿ ಬಂತು. ಆದ್ದರಿಂದ ಅತ್ತೆಗೆ, ನಮಗೆ, ಮಗಳಿಗೆ ಬಸ್ಸಿನಲ್ಲಿ ದುಡ್ಡಿಲ್ಲ. ಮಗ ನಾಲ್ಕು ವರ್ಷದವನು. ಅವನಿಗೂ ಇಲ್ಲ. ನಮ್ಮ ಮನೆಯವರಿಗೆ ಮಾತ್ರ 20 ರೂಪಾಯಿ. "ಗಂಡಸರಿಗೆ ಒಬ್ಬರಿಗೇ ಖರ್ಚು" ಅಂತ ಅತ್ತೆ ಮಗನನ್ನು ನೋಡಿ ನಕ್ಕರು.

ಅತ್ತೆ ಬೋರ್ಡು ಓದಿದರು

ನಾಟಕದ ಥೇಟರು ಕಲ್ಲಿನ ಕಟ್ಟಡ ಅಲ್ಲ. ಸುತ್ತ ತಗಡು. ಮೇಲೆಯೂ ತಗಡು. ಜಾತ್ರೆ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರುತ್ತಾರೆ. ಇನ್ನೊಂದು ಊರಿಗೆ ಹೋಗುತ್ತಾರೆ. ಬಾಗಿಲ ಮೇಲೆ ದೊಡ್ಡ ಬೋರ್ಡು. ಬಣ್ಣದ ದೀಪ. ಹಾಸ್ಯ ಕಲಾವಿದನ ದೊಡ್ಡ ಚಿತ್ರ. ಮೈಕಿನಲ್ಲಿ ಒಬ್ಬರು ಕೂಗಿ ಕರೆಯುತ್ತಿದ್ದರು.

ಅತ್ತೆ ಬೋರ್ಡಿನ ಮುಂದೆ ನಿಂತರು. ಕಣ್ಣ ಮೇಲೆ ಕೈ ಇಟ್ಟರು. ತುಟಿ ಅಲುಗಾಡಿತು.

"ನಾ... ಟ... ಕ. ನಾಟಕ!"

20 ವರ್ಷ ಇಂಥ ಬೋರ್ಡಿನ ಕೆಳಗೇ ಅವರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅದರ ಮೇಲೆ ಏನು ಬರೆದಿದೆ ಅಂತ ಅಂದೇ ಓದಿದರು.

ಮುಂದಿನ ಪದ ಸ್ವಲ್ಪ ಕಷ್ಟ. "ಹಾ... ಸ..." ಅಂತ ನಿಂತರು. ಕೆಳಗೆ ಒತ್ತು ಇದೆ. ಮಗಳು ಹೇಳಲು ಬಾಯಿ ತೆರೆದಳು. "ತಡಿ, ನಾನ ಓದ್ತೀನಿ" ಅಂದರು. "ಸ ಕ ಯ ಒತ್ತು... ಸ್ಯ. ಹಾಸ್ಯ!" ಅಂದರು. ಹಿಂದೆ ನಿಂತವರು ದಾರಿ ಬಿಡಿ ಅಂತ ಗದ್ದಲ ಮಾಡಿದರು. ಅತ್ತೆ ಕೇಳಲಿಲ್ಲ. ಪೂರ್ತಿ ಬೋರ್ಡು ಓದಿಯೇ ಪಕ್ಕಕ್ಕೆ ಬಂದರು.

ಟಿಕೆಟಿನ ದರವನ್ನೂ ಬರೆದಿದ್ದರು. ಮುಂದಿನ ಕುರ್ಚಿ 150 ರೂಪಾಯಿ. ಹಿಂದಿನ ಕುರ್ಚಿ 100 ರೂಪಾಯಿ. ನಾವು ಹಿಂದಿನ ಕುರ್ಚಿ ಸಾಕು ಅಂದೆವು. ನಾಲ್ಕು ಟಿಕೆಟ್. ಅತ್ತೆ ಕಿಂಡಿಯಲ್ಲಿ 500ರ ನೋಟು ಕೊಟ್ಟರು. ಒಳಗಿದ್ದ ಹುಡುಗ ಟಿಕೆಟ್ ಕೊಟ್ಟ. ಜೊತೆಗೆ 50ರ ಒಂದು ನೋಟು ಕೊಟ್ಟ.

ಅತ್ತೆ ಕಿಂಡಿ ಬಿಡಲಿಲ್ಲ. "ನಾಕ ನೂರ್ಲೆ ನಾಕನೂರು. ಐದುನೂರಾಗ ನಾಕನೂರು ಹೋದರ ನೂರು ಉಳೀತು. ಇನ್ನ ಐವತ್ತು ಕೊಡಪ್ಪಾ" ಅಂದರು. ಹುಡುಗ ತಲೆ ಎತ್ತಿ ನೋಡಿದ. ಗಡಿಬಿಡಿಯಲ್ಲಿ ತಪ್ಪಾಯಿತು ಅಂದ. ಇನ್ನೊಂದು 50ರ ನೋಟು ಕೊಟ್ಟ.

ಪರದೆ ಸರಿಯಿತು

ಒಳಗೆ ಹೋದೆವು. ಮುಂದೆ ರಂಗಮಂಚ. ಅದರ ಮೇಲೆ ಬಣ್ಣದ ಪರದೆ. ಪರದೆಯ ಮೇಲೆ ಅರಮನೆಯ ಚಿತ್ರ. ರಂಗದ ಮುಂದೆ ಒಂದು ಕಡೆ ಪೇಟಿ ಮಾಸ್ತರು, ತಬಲಾದವರು ಕೂತಿದ್ದರು. ಮೊದಲ ಗಂಟೆ ಬಾರಿಸಿತು. ಎರಡನೇ ಗಂಟೆ ಬಾರಿಸಿತು. ಮೂರನೇ ಗಂಟೆಗೆ ದೀಪ ಆರಿತು. ದೇವರ ಹಾಡು ಹಾಡಿದರು. ಪರದೆ ಸರಿಯಿತು.

ಸಿನಿಮಾ, ಟಿವಿ ನೀವು ನೋಡಿರುತ್ತೀರಿ. ನಾಟಕ ಹಾಗಲ್ಲ. ಇಲ್ಲಿ ಜೀವಂತ ಮನುಷ್ಯರೇ ನಮ್ಮ ಮುಂದೆ ಮಾತನಾಡುತ್ತಾರೆ. ನಾವು ನಕ್ಕರೆ ಅವರಿಗೆ ಕೇಳುತ್ತದೆ. ಜನ ನಗುವ ತನಕ ನಟ ಮುಂದಿನ ಮಾತು ಆಡದೆ ತಡೆಯುತ್ತಾನೆ. ನಗು ನಿಂತ ಮೇಲೆ ಮತ್ತೆ ಶುರು ಮಾಡುತ್ತಾನೆ. ಜನ ಸುಮ್ಮನೆ ಕೂತರೆ ಅವನಿಗೆ ಬೆವರು ಬರುತ್ತದೆ.

ಅಂದಿನ ಕಥೆ ಹೀಗಿತ್ತು. ಒಬ್ಬ ಜಿಪುಣ ಸಾಹುಕಾರ. ಅವನಿಗೆ ಒಬ್ಬ ಹೆಂಡತಿ. ಆಕೆಗೆ ಓದು ಬರುವುದಿಲ್ಲ. ಮನೆಯಲ್ಲಿ ಒಬ್ಬ ಆಳುಮಗ. ಇವನೇ ಹಾಸ್ಯದ ಪಾತ್ರ. ಒಂದು ದಿನ ಪಟ್ಟಣದಲ್ಲಿ ಓದುವ ಮಗಳಿಂದ ಕಾಗದ ಬಂತು. ಸಾಹುಕಾರ ಊರಲ್ಲಿ ಇಲ್ಲ. ಓದುವವರು ಯಾರು? ಆಳುಮಗ ಎದೆ ಉಬ್ಬಿಸಿ "ನಾ ಓದ್ತೀನ್ರೀ ಅವ್ವಾರ" ಅಂದ. ಅವನಿಗೂ ಅಕ್ಷರ ಗೊತ್ತಿಲ್ಲ. ಕಾಗದ ತಲೆಕೆಳಗೆ ಹಿಡಿದ. ಗಂಟಲು ಸರಿ ಮಾಡಿದ. "ನಮ್ಮ ಆಳುಮಗ ಬಾಳ ಚಲೋಂವ. ಅವಂಗ ದಿನಾ ತುಪ್ಪ ಹಾಕಿ ಊಟಕ್ಕ ನೀಡ್ರಿ. ಪಗಾರ ಹೆಚ್ಚಿಗಿ ಮಾಡ್ರಿ" ಅಂತ ತನಗೆ ಬೇಕಾದಂತೆ ಓದಿದ.

ಆ ಕಾಗದದ ಮೇಲೆ ದೂರದವರಿಗೂ ಕಾಣುವ ಹಾಗೆ ದೊಡ್ಡ ಅಕ್ಷರ ಬರೆದಿದ್ದರು. ಅತ್ತೆ ಎದ್ದು ನಿಂತರು. "ಏ! ಕಾಗದ ತಲಿಕೆಳಗ ಹಿಡದಾನ!" ಅಂತ ಕೂಗಿದರು.

ಸುತ್ತಲಿನವರು ತಿರುಗಿ ನೋಡಿದರು. ರಂಗದ ಮೇಲಿನ ಆಳುಮಗನಿಗೂ ಕೇಳಿತು. ಅವನು ಕೈ ಮುಗಿದು, "ಸುಮ್ಮಕ ಕುಂಡ್ರ ಯವ್ವಾ, ಪಗಾರ ಹೆಚ್ಚಾಗೂ ಹೊತ್ತಿನ್ಯಾಗ ಅಡ್ಡ ಬರಬ್ಯಾಡ" ಅಂದ. ಈ ಮಾತು ನಾಟಕದಲ್ಲಿ ಇರಲಿಲ್ಲ. ಅವನು ಅಲ್ಲೇ ಕಟ್ಟಿದ ಮಾತು. ಇಡೀ ಥೇಟರು ನಕ್ಕಿತು. ಅತ್ತೆ ಬಾಯಿಗೆ ಸೆರಗು ಹಚ್ಚಿ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. 20 ವರ್ಷ ಹೊರಗೆ ಕೂತು ಕೇಳಿದ್ದು ಇದೇ ನಗು.

ನಗು ಬಾರದ ಮಾತು

ಎಲ್ಲ ಮಾತೂ ಹೀಗೆ ಇರಲಿಲ್ಲ. ನಮ್ಮ ಮನೆಯವರು ಹೇಳಿದ್ದು ನಿಜವಾಯಿತು. ನಡುನಡುವೆ ಹೆಣ್ಣುಮಕ್ಕಳ ಮೈ ಬಗ್ಗೆ ಎರಡು ಅರ್ಥದ ಮಾತು ಬಂದವು. ಮುಂದಿನ ಸಾಲಿನ ಕೆಲವರು ಸಿಳ್ಳೆ ಹೊಡೆದರು. ನಮ್ಮ ಸಾಲಿನ ಹೆಣ್ಣುಮಕ್ಕಳು ತಲೆ ಬಗ್ಗಿಸಿದರು. ಮಗಳು "ಯಾಕ ನಗಾಕತ್ತಾರ?" ಅಂತ ಕೇಳಿದಳು. ಏನು ಹೇಳುವುದು? ನಮ್ಮ ಮನೆಯವರು ಎದ್ದರು. "ನಡೀರಿ ಹೋಗೂಣು" ಅಂದರು.

ಅತ್ತೆ ಅವರ ಕೈ ಹಿಡಿದು ಕೂಡಿಸಿದರು. "ನಾ ರೊಕ್ಕ ಕೊಟ್ಟು ಬಂದೀನಿ. ಅಂವ ಕೆಟ್ಟ ಮಾತು ಆಡಿದರ ನಾ ಯಾಕ ಎದ್ದು ಹೋಗ್ಲಿ?" ಅಂದರು.

ಅರ್ಧ ನಾಟಕ ಆದ ಮೇಲೆ ಬಿಡುವು ಕೊಟ್ಟರು. ಅತ್ತೆ ಪಕ್ಕದ ಸಾಲಿನ ಹೆಣ್ಣುಮಕ್ಕಳ ಜೊತೆ ಮಾತನಾಡಿದರು. ಅವರಿಗೂ ಬೇಸರ ಆಗಿತ್ತು. ಆರೇಳು ಮಂದಿ ಕೂಡಿ ಕಂಪನಿಯ ಮ್ಯಾನೇಜರ ಹತ್ತಿರ ಹೋದೆವು. ಜಗಳ ಮಾಡಲಿಲ್ಲ. ಅತ್ತೆ ಹೇಳಿದರು: "ತಮ್ಮಾ, ನಾಟಕ ಚಲೋ ಐತಿ. ಆಳುಮಗಾ ಬಾಳ ನಗಸ್ತಾನ. ಆದರ ಹೊಲಸ ಮಾತು ಬ್ಯಾಡ. ನಾವು ಮಕ್ಕಳು ಮರಿ ಕಟಿಗೊಂಡು ಬಂದೀವಿ."

ಮ್ಯಾನೇಜರು ಬೈಯಲಿಲ್ಲ. "ಅವ್ವಾರ, ನಾವೂ ಮಕ್ಕಳು ಮರಿ ಇದ್ದವರ. ಅಂಥಾ ಮಾತಿಗೇ ಸಿಳ್ಳಿ ಬೀಳ್ತಾವ. ಟಿಕೀಟ ಹೋಗಬೇಕಲ್ರಿ. ಇಷ್ಟು ಮಂದಿ ಕಲಾವಿದರ ಹೊಟ್ಟಿ ತುಂಬಬೇಕು" ಅಂದರು.

"ಸಿಳ್ಳಿ ಹೊಡೆಯಾವರ ರೊಕ್ಕನ ರೊಕ್ಕಾ? ನಮ್ಮ ನೂರು ರೂಪಾಯಿ ರೊಕ್ಕ ಅಲ್ಲೇನಪ್ಪಾ?" ಅಂದರು ಅತ್ತೆ.

ಮ್ಯಾನೇಜರು ಸುಮ್ಮನಾದರು. ಆಮೇಲೆ "ಹೇಳಿ ನೋಡ್ತೀನ್ರಿ" ಅಂದರು. ಬಿಡುವಿನ ನಂತರ ಅಂಥ ಮಾತು ಕಡಿಮೆಯಾದವು. ಪೂರ್ತಿ ನಿಲ್ಲಲಿಲ್ಲ. ಆದರೆ ಹೇಳುವ ಮಾತನ್ನು ನಾವು ಹೇಳಿದ್ದೆವು.

ಹೆಬ್ಬೆಟ್ಟಿನ ಆಟ

ಎರಡನೇ ಭಾಗದಲ್ಲಿ ಸಾಹುಕಾರನ ನೆಂಟ ಒಬ್ಬ ಬಂದ. ಅವನಿಗೆ ಆ ಮನೆಯ ಮೇಲೆ ಕಣ್ಣು. ಒಂದು ಕಾಗದ ತಂದು ಸಾಹುಕಾರನ ಹೆಂಡತಿಯ ಮುಂದೆ ಇಟ್ಟ. "ರೇಷನ್ ಕಾರ್ಡಿನ ಕಾಗದ, ಹೆಬ್ಬೆಟ್ಟು ಒತ್ತು" ಅಂದ. ಆಕೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಳು. ಕಾಗದದ ಮೇಲೆ ಒತ್ತಿದಳು. ಉಳಿದ ಮಸಿಯನ್ನು ಆಳುಮಗನ ಕೆನ್ನೆಗೆ ಒರೆಸಿದಳು. ಅವನ ಅಂಗಿಗೆ ಒರೆಸಿದಳು. ಎಲ್ಲಿ ನೋಡಿದರೂ ಹೆಬ್ಬೆಟ್ಟು. ಜನ ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು.

ಅತ್ತೆ ನಗಲಿಲ್ಲ. ಕತ್ತಲಲ್ಲಿ ತಮ್ಮ ಹೆಬ್ಬೆರಳನ್ನು ಸೆರಗಿನ ಒಳಗೆ ಇಟ್ಟುಕೊಂಡು ಕೂತಿದ್ದರು.

ಕೊನೆಗೆ ಪಟ್ಟಣದಿಂದ ಮಗಳು ಬಂದಳು. ಕಾಗದ ಓದಿದಳು. ಅದು ಮನೆ ಬರೆದುಕೊಟ್ಟ ಕಾಗದ ಅಂತ ಗೊತ್ತಾಯಿತು. ನೆಂಟನ ಮೋಸ ಬಯಲಾಯಿತು. ಮನೆ ಉಳಿಯಿತು. ಆಳುಮಗನಿಗೆ ಪಗಾರ ಹೆಚ್ಚಾಯಿತು. ಎಲ್ಲರೂ ಕೂಡಿ ಹಾಡಿದರು. ಪರದೆ ಬಿತ್ತು.

ಬಸ್ಸಿನಲ್ಲಿ ಆಡಿದ ಮಾತು

ರಾತ್ರಿ 9 ಗಂಟೆ ದಾಟಿತ್ತು. ಜಾತ್ರೆಯ ಬಸ್ಸು ಸಿಕ್ಕಿತು. ಮಗ ನಮ್ಮ ತೊಡೆಯ ಮೇಲೆ ಮಲಗಿದ. ಮಗಳು ಅಜ್ಜಿಯ ಪಕ್ಕ ಕೂತಳು.

"ಆಯಿ, ಹೆಬ್ಬೆಟ್ಟು ಒತ್ತುವಾಗ ಎಲ್ಲಾರೂ ನಕ್ಕರು. ನೀ ಯಾಕ ನಗಲಿಲ್ಲ?"

ಅತ್ತೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು. ನಮಗೂ ಆ ಮಾತು ಅಂದೇ ಗೊತ್ತಾಯಿತು.

30 ವರ್ಷದ ಹಿಂದಿನ ಮಾತು. ಮಾವನವರಿಗೆ ಜಡ್ಡು ಬಂದಿತ್ತು. ದವಾಖಾನೆಗೆ ದುಡ್ಡು ಬೇಕಾಗಿತ್ತು. ಅತ್ತೆ ಪರಿಚಯದ ಒಬ್ಬರ ಹತ್ತಿರ 2 ಸಾವಿರ ರೂಪಾಯಿ ಸಾಲ ತಂದರು. ಅವರು ಕಾಗದ ತಂದರು. ಅತ್ತೆ ಹೆಬ್ಬೆಟ್ಟು ಒತ್ತಿದರು. ಕಾಗದದಲ್ಲಿ 5 ಸಾವಿರ ಅಂತ ಬರೆದಿತ್ತು. ಯಾರು ಓದಿ ಹೇಳಬೇಕು? ಆ ಸಾಲ, ಬಡ್ಡಿ ತೀರಿಸಲು 4 ವರ್ಷ ಹಿಡಿಯಿತು. ಅದಕ್ಕಾಗಿಯೇ ಅತ್ತೆ ಜಾತ್ರೆಯಲ್ಲಿ ರೊಟ್ಟಿ ಬುಟ್ಟಿ ಇಟ್ಟರು. ಸಾಲ ತೀರಿತು. ಬುಟ್ಟಿ ಮಾತ್ರ 20 ವರ್ಷ ತಲೆಯ ಮೇಲಿಂದ ಇಳಿಯಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ಸುಮ್ಮನಾದೆವು. ನಾವೂ ನಕ್ಕಿದ್ದೆವಲ್ಲ, ಆ ನಗು ನೆನಪಾಗಿ ನಾಚಿಕೆಯಾಯಿತು.

ಅತ್ತೆ ಮತ್ತೆ ಅಂದರು: "ಆಳುಮಗಾ ಸುಳ್ಳ ಓದಿದ. ಅದಕ್ಕ ನಕ್ಕಿನಿ. ಸುಳ್ಳ ಹೇಳಾವರನ್ನ ನೋಡಿ ನಗಬೇಕು. ಕಳಕೊಂಡಾಕಿನ್ನ ನೋಡಿ ಹೆಂಗ ನಗೂದು? ಇನ್ನೊಂದು ಮಾತು. ಮಗಳು ಓದಾಕಿ ಇದ್ದಳಲ್ಲ. ಅವ್ವಗೂ ನಾಕ ಅಕ್ಷರ ಕಲಸಬೇಕಾಗಿತ್ತು. ನಾಟಕ ಬರದಾಂವಗ ಅದು ಹೊಳೀಲಿಲ್ಲ ನೋಡು."

ಮನೆಯವರು ತಾಯಿಯ ಮುಖ ನೋಡಿದರು. "ಬರೂ ವರ್ಷ ಮತ್ತ ಹೋಗೂಣೇನವ್ವಾ?" ಅಂತ ಕೇಳಿದರು.

"ಹೋಗೂಣು. ಮುಂದಿನ ಕುರ್ಚಿಗೆ" ಅಂದರು ಅತ್ತೆ.

ನಾಟಕ ಕಂಪನಿಗಳ ಬಗ್ಗೆ ತಿಳಿಯೋಣ

ಕನ್ನಡದಲ್ಲಿ ನಾಟಕ ಕಂಪನಿಗಳಿಗೆ ನೂರು ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಇದೆ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಗುಬ್ಬಿ ಕಂಪನಿ ಶುರುವಾಯಿತು. ಗುಬ್ಬಿ ವೀರಣ್ಣನವರು ಹುಡುಗನಾಗಿ ಕಂಪನಿ ಸೇರಿದರು. ಮುಂದೆ ಅದರ ಮಾಲೀಕರಾದರು. ಅವರು ದೊಡ್ಡ ಹಾಸ್ಯ ನಟರು. ಸದಾರಮೆ ನಾಟಕದಲ್ಲಿ ಅವರ ಕಳ್ಳನ ಪಾತ್ರ ಮನೆಮಾತಾಗಿತ್ತು. ಅವರು 1972ರಲ್ಲಿ ತೀರಿಕೊಂಡರು.

ನಮ್ಮ ಬಾಗಲಕೋಟೆ ಜಿಲ್ಲೆಯ ಪಿ.ಬಿ. ಧುತ್ತರಗಿಯವರು ಕಂಪನಿಗಳಿಗಾಗಿ ಅನೇಕ ನಾಟಕ ಬರೆದರು. ಅವರ 'ಸಂಪತ್ತಿಗೆ ಸವಾಲ್' ನಾಟಕ ಸಿನಿಮಾ ಕೂಡ ಆಯಿತು. 1974ರ ಆ ಸಿನಿಮಾದಲ್ಲಿ ಡಾ. ರಾಜಕುಮಾರ್ ನಟಿಸಿದರು.

ನಗಿಸುತ್ತಲೇ ತಪ್ಪು ತೋರಿಸಬಹುದು. ಮಾಸ್ಟರ್ ಹಿರಣ್ಣಯ್ಯನವರು ಹಾಗೆ ಮಾಡಿದರು. ಅವರ ಲಂಚಾವತಾರ ನಾಟಕ ಲಂಚ ತಿನ್ನುವವರನ್ನು ನಗೆಪಾಟಲು ಮಾಡಿತು. ಊರೂರಲ್ಲಿ ಜನ ಅದನ್ನು ನೋಡಿದರು. ಹಿರಣ್ಣಯ್ಯನವರು 2019ರಲ್ಲಿ ತೀರಿಕೊಂಡರು.

ಹಿಂದೆ ಹೆಣ್ಣುಮಕ್ಕಳು ನಾಟಕ ನೋಡುವುದೇ ಕಷ್ಟ. ನಾಟಕ ಮಾಡುವುದು ಇನ್ನೂ ಕಷ್ಟ. ಗಂಡಸರೇ ಸೀರೆ ಉಟ್ಟು, ಬಳೆ ತೊಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಮುಂದೆ ಹೆಣ್ಣುಮಕ್ಕಳು ಧೈರ್ಯ ಮಾಡಿ ರಂಗಕ್ಕೆ ಬಂದರು. ದಾವಣಗೆರೆಯ ಚಿಂದೋಡಿ ಲೀಲಾ ಅವರು ನಟಿಯಾಗಿದ್ದರು. ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ತಾವೇ ನಡೆಸಿದರು. ಅವರು 2010ರಲ್ಲಿ ತೀರಿಕೊಂಡರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ನಟಿ, ಗಾಯಕಿ, ನಿರ್ದೇಶಕಿ. ಅವರಿಗೆ 2013ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಕಂಪನಿಯ ಜೀವನ ಸುಲಭ ಅಲ್ಲ. ಕಲಾವಿದರು ಮನೆ ಬಿಟ್ಟು ಊರೂರು ತಿರುಗುತ್ತಾರೆ. ತಗಡಿನ ಮಗ್ಗುಲಲ್ಲೇ ಅಡುಗೆ, ನಿದ್ದೆ, ಮಕ್ಕಳ ಆಟ. ಮಳೆ ಬಂದರೆ ಆಟ ನಿಲ್ಲುತ್ತದೆ. ಟಿವಿ, ಮೊಬೈಲ್ ಬಂದ ಮೇಲೆ ನೋಡುವ ಜನ ಕಡಿಮೆ ಆದರು. ಆದ್ದರಿಂದ ಜಾತ್ರೆಯ ದಿನಗಳೇ ಅವರಿಗೆ ದೊಡ್ಡ ಆಧಾರ. ಮನೆಮಂದಿ ಎಲ್ಲ ಕೂಡಿ ಬಂದರೆ ಕಂಪನಿ ಉಳಿಯುತ್ತದೆ. ಮನೆಮಂದಿ ಬರಬೇಕಾದರೆ ಮಾತು ಸ್ವಚ್ಛ ಇರಬೇಕು. ಇದನ್ನು ಹೇಳುವ ಹಕ್ಕು ಟಿಕೆಟ್ ಕೊಂಡ ಎಲ್ಲರಿಗೂ ಇದೆ.

ನಮ್ಮ ಕೇಂದ್ರದ ನಾಟಕ

ಮರುದಿನ ರಾತ್ರಿ ಕೇಂದ್ರದಲ್ಲಿ ಅದೇ ಮಾತು. ಅತ್ತೆ ಪೂರ್ತಿ ನಾಟಕ ಹೇಳಿದರು. ಮಾವನವರ ಹಾಗೆ ಅರ್ಧಕ್ಕೆ ನಿಲ್ಲಿಸಲಿಲ್ಲ. ಅಕ್ಕಂದಿರು ಕೇಳಿ ನಕ್ಕರು. ಒಬ್ಬ ಅಕ್ಕ "ನಾವೂ ಆಡೂಣಲ್ಲ" ಅಂದರು.

ನಾಟಕದ ಕೊನೆಯನ್ನು ಮಾತ್ರ ನಾವು ಬದಲಿಸಿದೆವು. ನಮ್ಮ ನಾಟಕದಲ್ಲಿ ಸಾಹುಕಾರನ ಹೆಂಡತಿ ರಾತ್ರಿ ಶಾಲೆಗೆ ಹೋಗುತ್ತಾಳೆ. ನೆಂಟ ಕಾಗದ ತಂದಾಗ ಹೆಬ್ಬೆಟ್ಟು ಒತ್ತುವುದಿಲ್ಲ. "ಮೊದಲ ಓದ್ತೀನಿ. ಆಮ್ಯಾಲ ಸಹಿ ಮಾತು" ಅನ್ನುತ್ತಾಳೆ. ನೆಂಟ ಓಡಿ ಹೋಗುತ್ತಾನೆ.

ಅತ್ತೆ ಸಾಹುಕಾರನ ಹೆಂಡತಿಯ ಪಾತ್ರ ಬೇಡ ಅಂದರು. ಆಳುಮಗನ ಪಾತ್ರವೇ ಬೇಕು ಅಂತ ಹಟ ಮಾಡಿದರು. ತಲೆಗೆ ರುಮಾಲು ಸುತ್ತಿಕೊಂಡರು. ಕಾಗದ ತಲೆಕೆಳಗೆ ಹಿಡಿದರು. ಸುಳ್ಳು ಓದಬೇಕಾಗಿತ್ತು. ಆದರೆ ಅವರಿಗೆ ಅದು ಬಹಳ ಕಷ್ಟವಾಯಿತು. ತಲೆಕೆಳಗಿನ ಅಕ್ಷರವನ್ನೂ ಕಣ್ಣು ತಾನೇ ಓದುತ್ತಿತ್ತು. "ತುಪ್ಪ ಹಾಕಿ ಊಟಕ್ಕ ನೀಡ್ರಿ" ಅನ್ನುವ ಬದಲು ಕಾಗದದಲ್ಲಿ ಇದ್ದುದನ್ನೇ ಓದಿಬಿಟ್ಟರು.

ಅಕ್ಕಂದಿರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ಅತ್ತೆ ನಕ್ಕರು.

ಅಭ್ಯಾಸ

1. ಓದಿರಿ, ಬರೆಯಿರಿ:
ನಾಟಕ, ಪರದೆ, ಜಾತ್ರೆ, ಹಾಸ್ಯ, ಪಾತ್ರ, ರಂಗ, ಹೆಬ್ಬೆಟ್ಟು, ಸಹಿ.

2. ಒತ್ತಕ್ಷರ ಇರುವ ಪದಗಳಿಗೆ ಗೆರೆ ಹಾಕಿರಿ:
ರೊಟ್ಟಿ, ಪೇಟಿ, ಅತ್ತೆ, ಕಾಗದ, ಹುಣ್ಣಿಮೆ, ತಗಡು, ಕುರ್ಚಿ.

3. ಈ ಬೋರ್ಡನ್ನು ಗಟ್ಟಿಯಾಗಿ ಓದಿರಿ:
ಇಂದು ಸಂಜೆ 6 ಗಂಟೆಗೆ
ಹಾಸ್ಯ ನಾಟಕ
ಮುಂದಿನ ಕುರ್ಚಿ 150 ರೂ.
ಹಿಂದಿನ ಕುರ್ಚಿ 100 ರೂ.
ಎಲ್ಲರೂ ಬನ್ನಿರಿ

4. ಲೆಕ್ಕ ಮಾಡಿರಿ:
ನಾಲ್ಕು ಟಿಕೆಟಿಗೆ 400 ರೂಪಾಯಿ. ಬಸ್ಸಿಗೆ ಹೋಗಲು 20, ಬರಲು 20 ರೂಪಾಯಿ. ಚಹಾ, ಬಜ್ಜಿಗೆ 60 ರೂಪಾಯಿ. ಒಟ್ಟು ಖರ್ಚು ಎಷ್ಟು? ಮುಂದಿನ ವರ್ಷ ನಾಲ್ಕು ಮಂದಿ ಮುಂದಿನ ಕುರ್ಚಿಗೆ ಹೋದರೆ ಟಿಕೆಟಿಗೆ ಎಷ್ಟು ಬೇಕು? (ದರ ಇಷ್ಟೇ ಇರಲಿ.)

5. ಉತ್ತರ ಹೇಳಿರಿ:
ಅತ್ತೆ 20 ವರ್ಷ ನಾಟಕದ ಒಳಗೆ ಯಾಕೆ ಹೋಗಲಿಲ್ಲ?
ಟಿಕೆಟ್ ಕಿಂಡಿಯಲ್ಲಿ ಏನಾಯಿತು?
ಹೆಬ್ಬೆಟ್ಟಿನ ಆಟಕ್ಕೆ ಅತ್ತೆ ಯಾಕೆ ನಗಲಿಲ್ಲ?

6. ಕೂಡಿ ಮಾತನಾಡಿರಿ:
ಯಾವ ಮಾತಿಗೆ ನಗಬೇಕು? ಯಾವ ಮಾತಿಗೆ ನಗಬಾರದು?
ಓದದೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ನಿಮಗೆ ನೆನಪಿದೆಯೇ? ಏನಾಯಿತು?

7. ನೀವು ನೋಡಿದ ನಾಟಕ, ಬಯಲಾಟ ಅಥವಾ ಕೋಲಾಟದ ಬಗ್ಗೆ ಎರಡು ಸಾಲು ಬರೆಯಿರಿ. ಕೆಳಗೆ ನಿಮ್ಮ ಸಹಿ ಮಾಡಿರಿ.